ಖಡು ಬಣ್ಣ

ಬಾಗಲಕೋಟೆಯ ನವನಗರದಲ್ಲಿ ಯಾರ ಮನೆಗೆ ಹೋದರೂ ಆ ಮನೆಯ ಅಳತೆಗೆ ಹೊಂದದ ಒಂದು ಸಾಮಾನು ಇದ್ದೇ ಇರುತ್ತದೆ. ಹತ್ತಡಿಯ ಕೋಣೆಯಲ್ಲಿ ಏಳಡಿಯ ತೂಗುಮಂಚ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕಬ್ಬಿಣದ ಪಟ್ಟಿ ಬಡಿದ ಸಂದೂಕ, ಮೆಟ್ಟಿಲ ಕೆಳಗೆ ಅಡ್ಡ ಮಲಗಿಸಿದ ಕೆತ್ತನೆಯ ಕಂಬ. "ಇದು ಹಳೇ ಊರಿಂದು" ಎಂದು ಮನೆಯವರು ಹೇಳುತ್ತಾರೆ. ಹಾಗೆ ಹೇಳಿದ ಮೇಲೆ ಇಷ್ಟು ದೊಡ್ಡದನ್ನು ಇಲ್ಲಿ ಯಾಕೆ ತುರುಕಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವರು ಬೇರೆ ಊರಿನವರೆಂದು ತಿಳಿಯಬೇಕು.

ನಮ್ಮ ಮನೆಯಲ್ಲಿ ಅಂಥವು ಎರಡು. ಒಂದು ನಮ್ಮ ಅತ್ತೆಯವರ ಕಪಾಟು. ಇನ್ನೊಂದು ಹುನಗುಂದದ ನನ್ನ ತವರಿನಿಂದ ಬಂದ ತೊಟ್ಟಿಲು. ಹೋದ ಬೇಸಿಗೆಯಲ್ಲಿ ಈ ಎರಡಕ್ಕೂ ಬಣ್ಣ ಹಚ್ಚುವ ಮಾತು ಎದ್ದು, ಹದಿನೈದು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ನಡೆಯಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನದನ್ನು ಹೇಳಬೇಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ನಾನು ಸೊಸೆಯಾಗಿ ಬಂದಾಗ ಬಾಗಲಕೋಟೆಯಲ್ಲಿ ಯಾರೂ ಮನೆ ರಿಪೇರಿ ಮಾಡಿಸುತ್ತಿರಲಿಲ್ಲ. ಜಂತಿಗೆ ಹುಳ ಹತ್ತಿದರೂ, ಮಾಳಿಗೆ ಸೋರಿದರೂ "ಹೆಂಗೂ ಮುಳುಗತೈತಿ, ಬಿಡು" ಎಂಬುದೊಂದೇ ಉತ್ತರ. ಜಲಾಶಯ ತುಂಬಿದಾಗಿನ ಮಟ್ಟ 519.60 ಮೀಟರು ಎಂಬ ಲೆಕ್ಕ ನಮ್ಮ ಓಣಿಯ ಓದುಬಾರದ ಮುದುಕಿಯರಿಗೂ ಬಾಯಿಪಾಠವಾಗಿತ್ತು. ಘಟಪ್ರಭೆಯಲ್ಲಿ ಹಿನ್ನೀರು ಏರಿ ತಗ್ಗಿನ ಓಣಿಗಳು ಹೋದವು. ನಾವು 2001ರಲ್ಲಿ ಓಣಿಯ ಹೆಸರು ಬಿಟ್ಟು ಸೆಕ್ಟರ್ ನಂಬರಿಗೆ ಬಂದೆವು. ಈ ಹೊಸ ಊರಿನ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ. ಅವರು ರಸ್ತೆ, ಚೌಕ, ಗಿಡಮರ ಎಲ್ಲಕ್ಕೂ ಜಾಗ ಯೋಚಿಸಿರಬೇಕು. ನಮ್ಮ ಅತ್ತೆಯವರ ಕಪಾಟಿನ ಅಗಲ ಮಾತ್ರ ಅವರಿಗೆ ತಿಳಿಸಿದವರಿಲ್ಲ. ಮುಂದಿನ ಬಾಗಿಲಲ್ಲಿ ಅದು ಒಳಗೆ ಬರಲಿಲ್ಲ. ಹಿತ್ತಲ ಕಡೆಯಿಂದ ಬಂದು, ಹಿಂದಿನ ಪಡಸಾಲೆಯಲ್ಲೇ ನಿಂತುಬಿಟ್ಟಿತು.

ಹಳೇ ಮನೆ ಇಳಿಸುವಾಗ ಕಂಬ, ತೊಲೆ, ಚೌಕಟ್ಟುಗಳನ್ನು ಲಾರಿಯವರು ತೂಕದ ಲೆಕ್ಕದಲ್ಲಿ ಒಯ್ದರು. ಉಳಿದದ್ದು ಇವೆರಡೇ. ಕಪಾಟಿನ ಚೌಕಟ್ಟು ಸಾಗವಾನಿ, ಹಲಗೆ ಮತ್ತಿ. ಆಳೆತ್ತರ ಇದೆ. ಹೊರಗೆ ಎಷ್ಟು ಸಲ ಆಯಿಲ್ ಪೇಂಟ್ ಬಿದ್ದಿದೆಯೋ ಲೆಕ್ಕವಿಲ್ಲ. ಒಂದು ಕಡೆ ಚಕ್ಕೆ ಎದ್ದಲ್ಲಿ ನೋಡಿದರೆ ಕಂದು, ಅದರ ಕೆಳಗೆ ಹಸಿರು, ಅದರ ಕೆಳಗೆ ಮತ್ತೊಂದು ಕಂದು. ಕೆಳಗಿನ ಹಲಗೆಗೆ ಗೆದ್ದಲು ಹತ್ತಿತ್ತು. ಹಳೇ ಸಾಮಾನು ಕೊಳ್ಳುವವನೊಬ್ಬ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದ. ಮೂರನೇ ಸಲ ಬಂದಾಗ ನನ್ನ ಮಗ "ಕೊಟ್ಟಬಿಡೋಣವ್ವಾ, ಅಲ್ಲಿ ಒಂದು ಫ್ರಿಜ್ ಇಡಬಹುದು" ಅಂದ. ಅತ್ತೆಯವರು ಕೇಳಿಯೂ ಕೇಳದವರಂತೆ ಕೂತಿದ್ದರು. ಅವರಿಗೆ ಎಂಬತ್ತಾರು. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ.

ಆಗ ಬಂತು ಸೊಸೆಯ ಬಣ್ಣದ ವಿಚಾರ. ಸೊಸೆ ಬದಾಮಿಯ ಹುಡುಗಿ, ಕೆಲಸ ಬೆಂಗಳೂರಿನಲ್ಲಿ. "ಅತ್ತೀ, ಮಾರೂದ ಯಾಕ್ರೀ? ಚಾಕ್ ಪೇಂಟ್ ಹಚ್ಚೋಣು. ತಿಕ್ಕೂದು ಬ್ಯಾಡ, ಹಳೇ ಬಣ್ಣ ಪೂರಾ ಕೆರೆಯೂದು ಬ್ಯಾಡ" ಅಂದಳು. ಆನಿ ಸ್ಲೋನ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು 1990ರಲ್ಲಿ ಈ ಬಣ್ಣ ತಯಾರಿಸಿ ಮಾರಾಟಕ್ಕೆ ತಂದಳಂತೆ. ಹಳೆಯ ಮೇಜು, ಕುರ್ಚಿ, ಕಪಾಟುಗಳಿಗೆ ಹಚ್ಚಿದರೆ ಹೊಳಪಿಲ್ಲದ, ಸುಣ್ಣ ಬಳಿದಂಥ ಮೈ ಬರುತ್ತದೆ. ಮೇಲೆ ಮೇಣ ತಿಕ್ಕಬೇಕು. ಡಬ್ಬಿಯ ಬೆಲೆ ಕೇಳಿ ನಾನು ಸುಮ್ಮನಾದೆ. ಅಷ್ಟು ದುಡ್ಡಿಗೆ ಇಳಕಲ್ಲಿನಲ್ಲಿ ಒಂದು ಸೀರೆ ಬರುತ್ತದೆ.

ಚಾಕ್ ಅಂದರೆ ಖಡು. ನಮ್ಮ ಕಾಲದಲ್ಲಿ ಸಾಲೆಯಲ್ಲಿ ಪಾಟಿ, ಖಡು ಎನ್ನುತ್ತಿದ್ದೆವು. ಪುಸ್ತಕದಲ್ಲಿ ಮಾತ್ರ ಸೀಮೆಸುಣ್ಣ. ಸೀಮೆಎಣ್ಣೆ, ಸೀಮೆಬದನೆಯ ಹಾಗೆ ಅದೂ ಪರದೇಶದ್ದು ಎಂಬ ಹೆಸರು. ಆದರೆ ಖಡುವಿನ ಮೂಲ ಸುಣ್ಣದಕಲ್ಲಿನ ಜಾತಿಯದೇ, ಮತ್ತು ಸುಣ್ಣದಕಲ್ಲಿಗೆ ನಮ್ಮ ಜಿಲ್ಲೆಯವರು ಯಾವ ಸೀಮೆಗೂ ಹೋಗಬೇಕಾಗಿಲ್ಲ. ಬಾಗಲಕೋಟೆಯಿಂದ ಲೋಕಾಪುರದ ತನಕ ನೆಲದಡಿ ಅದೇ. ಸಿಮೆಂಟಿನ ಕಾರ್ಖಾನೆಗಳು ಇಲ್ಲಿ ಬಂದದ್ದೂ ಅದಕ್ಕಾಗಿಯೇ. ನಂಬಿಕೆ ಇಲ್ಲದಿದ್ದರೆ ಹೊಲದಲ್ಲಿ ಸಿಗುವ ಬಿಳಿ ಕಲ್ಲಿನ ಮೇಲೆ ಲಿಂಬೆಹಣ್ಣು ಹಿಂಡಿ ನೋಡಿ, ಸುಣ್ಣದಕಲ್ಲಾದರೆ ನೊರೆ ಬರುತ್ತದೆ. ಬದಾಮಿಯ ಕೆಂಪು ಕಲ್ಲಿನ ಮೇಲೆ ಹಿಂಡಿದರೆ ಲಿಂಬೆಹಣ್ಣು ದಂಡ. ಅದು ಮರಳುಗಲ್ಲು.

ಹಾಗಾದರೆ ಮನೆಗೆ ಬಳಿಯುವ ಸುಣ್ಣವನ್ನೇ ಕಪಾಟಿಗೆ ಬಳಿದರಾಯಿತಲ್ಲ ಎಂದು ನಮ್ಮ ನೆರೆಮನೆಯಾಕೆ ಕೇಳಿದರು. ಆಗದು. ನೀರು ಹಾಕಿ ಅರಳಿಸಿದ ಸುಣ್ಣ ಕೈ ಸುಡುತ್ತದೆ. ಗೋಡೆಯ ಮೇಲೆ ಗಾಳಿ ಕುಡಿಯುತ್ತ ಕುಡಿಯುತ್ತ ಅದು ಮತ್ತೆ ಕಲ್ಲಾಗುತ್ತದೆ. ಎಣ್ಣೆಬಣ್ಣ ಕುಡಿದ ಕಟ್ಟಿಗೆಯ ಮೇಲೆ ಅದಕ್ಕೆ ಹಿಡಿತ ಸಿಗದೆ ಪುಡಿಪುಡಿಯಾಗಿ ಉದುರುತ್ತದೆ. ಚಾಕ್ ಪೇಂಟಿನಲ್ಲಿ ಕಲ್ಲಿನ ನುಣ್ಣನೆ ಪುಡಿಯನ್ನು ಹಿಡಿದುಕೊಳ್ಳಲು ಅಂಟು ಬೇರೆ ಇರುತ್ತದೆ. ಎಲ್ಲ ಗುಟ್ಟೂ ಆ ಅಂಟಿನಲ್ಲಿದೆ.

ಈ ಅಂಟಿನ ಮಾತು ಬಂದಾಗ ನನಗೆ ಕಿನ್ನಾಳ ನೆನಪಾಯಿತು. ಇಳಕಲ್ಲಿನಲ್ಲಿ ನನ್ನ ಅಕ್ಕನ ಮನೆ. ಅಲ್ಲಿಂದ ಕುಷ್ಟಗಿಯ ಮೇಲೆ ಕೊಪ್ಪಳಕ್ಕೆ ಹೋದರೆ ಕಿನ್ನಾಳ ಹತ್ತಿರ. ಚಿತ್ರಗಾರರ ಮನೆಗಳಲ್ಲಿ ದೇವರ ಮೂರ್ತಿ, ಗೊಂಬೆ, ತೊಟ್ಟಿಲು ಮಾಡುವ ಊರು. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಗುತ್ತದೆ. ಹಗುರ ಕಟ್ಟಿಗೆಯ ಮೈಗೆ ಮೊದಲು ಆ ಕಿಟ್ಟ, ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಬರುವುದು ಕಟ್ಟಕಡೆಗೆ. ಕಲ್ಲಿನ ಪುಡಿ, ಅಂಟು, ಬಣ್ಣ! ಸೊಸೆಗೆ ಇದನ್ನು ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಅತ್ತೆಯವರ ಮುಂದೆ ವಾದಕ್ಕೆ ಒಂದು ಆಧಾರ ಸಿಕ್ಕಿತಲ್ಲ.

ಯಾಕೆಂದರೆ ಬಣ್ಣದ ಸುದ್ದಿ ಕೇಳಿ ಅತ್ತೆಯವರು ಮಾರಾಟದ ಸುದ್ದಿಗಿಂತ ಹೆಚ್ಚು ಕೆಂಡವಾಗಿದ್ದರು.

"ಮಾರ್ತೀರೇನು, ಮಾರ್‍ರಿ. ಹೋದ್ರ ಹೋತು. ಬಣ್ಣ ಹಚ್ಚಿ ನನ್ನ ಕಣ್ಣ ಮುಂದ ಇಡಬ್ಯಾಡ್ರಿ."

"ಆಯೀ, ನಮ್ಮೂರ ಗವಿ ನೋಡೀರೇನ್ರಿ?" ಸೊಸೆ ಅವರ ಪಕ್ಕದಲ್ಲಿ ಹೋಗಿ ಕೂತಳು. "ಈಗ ಬರೇ ಕೆಂಪು ಕಲ್ಲು ಕಾಣತೈತಿ. ಮೊದಲ ಅದಕ್ಕೂ ಬಣ್ಣ ಇತ್ತರಿ. ಮೂರನೇ ಗವಿ ಸೂರಿನ್ಯಾಗ ಇನ್ನೂ ಅಲ್ಲಲ್ಲಿ ಉಳದೈತಿ."

ಅವಳು ಹೇಳಿದ್ದು ಸುಳ್ಳಲ್ಲ. ಮಂಗಲೇಶನ ಕಾಲದ ಆ ಗವಿಯಲ್ಲಿ 578ರ ಶಾಸನವಿದೆ, ಚಾವಣಿಯ ಅಂಚಿನಲ್ಲಿ ಚಿತ್ರಗಳ ಗುರುತೂ ಇದೆ. ಬರಿಮೈ ಕಲ್ಲು, ಬರಿಮೈ ಕಟ್ಟಿಗೆಯೇ ಹಳೆಯದು, ಅದೇ ಚೆಂದ ಎಂಬುದು ಈಗಿನವರ ರುಚಿ. ನಮ್ಮ ಹಿರಿಯರು ಕಲ್ಲನ್ನಾಗಲಿ ಕಟ್ಟಿಗೆಯನ್ನಾಗಲಿ ಬಣ್ಣವಿಲ್ಲದೆ ಬಿಡಲು ಮನಸ್ಸು ಮಾಡುತ್ತಿರಲಿಲ್ಲ. ಆದರೆ ಅತ್ತೆಯವರ ಉತ್ತರ ಕೇಳಿ: "ಆ ಬಣ್ಣ ಹಚ್ಚಿದವರು ಗವಿ ಕೊರದವರು. ನೀ ಯಾರು?"

ಸೊಸೆ ಎದ್ದು ಬಂದು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು. ಕಪಾಟಿನ ಎಡಗಡೆಯ ಬಾಗಿಲು ತೆರೆದು ತೋರಿಸಿದೆ. ಒಳಮೈಗೆ ಯಾವತ್ತೂ ಬಣ್ಣ ಬಿದ್ದಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ, ಕೆಲವು ಕಡೆ ಇದ್ದಿಲಿನಲ್ಲಿ, ಅತ್ತೆಯವರ ಬರಹ. ಮೂರನೇ ಇಯತ್ತೆ ಕಲಿತವರು ಅವರು. ಅಕ್ಷರ ದಪ್ಪದಪ್ಪ. ಮೇಲೆ ಐದು ಮಕ್ಕಳು ಹುಟ್ಟಿದ ದಿನ, ವಾರ, ಹೊತ್ತು. ಐದರಲ್ಲಿ ಎರಡು ಸಾಲುಗಳ ಮುಂದೆ ಇನ್ನೊಂದು ತಾರೀಖು ಇದೆ. ಆ ಮಕ್ಕಳು ಉಳಿಯಲಿಲ್ಲ. ಕೆಳಗೆ ಹಾಲಿನ ಲೆಕ್ಕ, ಯಾರಿಗೋ ಕೈಗಡ ಕೊಟ್ಟ ನಾಲ್ಕು ರೂಪಾಯಿ, ಜ್ವಾಳ ಎಷ್ಟು ಚೀಲ. ಬಾಗಿಲ ಅಂಚಿನಲ್ಲಿ ಮೊಳಕಾಲೆತ್ತರದಿಂದ ಶುರುವಾಗಿ ನಮ್ಮ ಯಜಮಾನರ ಎತ್ತರದ ಗೆರೆಗಳು. ಎಲ್ಲಕ್ಕಿಂತ ಕೆಳಗೆ ಒಂದೇ ಸಾಲು, "ಮನಿ ಬಿಟ್ಟೇವು", ತಾರೀಖು, 2001.

ಸೊಸೆ ಬಹಳ ಹೊತ್ತು ಓದಿದಳು. ಆಮೇಲೆ ಫೋನಿನಲ್ಲಿ ಫೋಟೋ ತೆಗೆಯಲು ಹೋದವಳು ಯಾಕೋ ತೆಗೆಯದೆ ಬಾಗಿಲು ಮುಚ್ಚಿದಳು.

ಅತ್ತೆಯವರ ಹತ್ತಿರ ನಾನೇ ಹೋದೆ. ಒಳಗಿನ ಒಂದು ಅಕ್ಷರಕ್ಕೂ ಕುಂಚ ತಗಲುವುದಿಲ್ಲ, ಹೊರಗೆ ಬಣ್ಣ ಹಚ್ಚಿದರೆ ಕಪಾಟು ಪಡಸಾಲೆಯಿಂದ ನಿಮ್ಮ ಕೋಣೆಗೇ ಬರುತ್ತದೆ, ಹಚ್ಚದಿದ್ದರೆ ಮಗ ನಾಳೆಯಲ್ಲ ನಾಡಿದ್ದು ಮಾರುತ್ತಾನೆ, ನಾನು ಎಷ್ಟು ದಿನ ತಡೆಯಲಿ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತರು. "ಹೊರಗ ಏನರ ಮಾಡ್ಕೋರಿ. ಒಳಗ ಕೈ ಹಚ್ಚಬ್ಯಾಡ್ರಿ" ಅಂದರು.

ಪರದೇಶದ ಡಬ್ಬಿ ತರಿಸಲಿಲ್ಲ. ಮನೆಯಲ್ಲೇ ಕಲಸುವ ರೀತಿ ಸೊಸೆ ತಿಳಿದುಕೊಂಡಿದ್ದಳು. ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ, ಒಂದು ಪಾಲು ನೀರು, ಮೂರು ಪಾಲು ಗೋಡೆಗೆ ಹಚ್ಚುವ ಎಮಲ್ಶನ್ ಬಣ್ಣ. ಮೊದಲು ಪುಡಿಯನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಆಮೇಲೆ ಬಣ್ಣ ಸೇರಿಸಬೇಕು. ಆಯಿಲ್ ಪೇಂಟ್ ಇದಕ್ಕೆ ನಡೆಯುವುದಿಲ್ಲ, ನೀರಿನೊಡನೆ ಕೂಡುವ ಬಣ್ಣವೇ ಬೇಕು. ಚಾವಣಿ ಕೆಲಸದವರಿಗಾಗಿ ಈ ಪುಡಿ ಈಗ ಸಣ್ಣ ಊರಿನ ಅಂಗಡಿಯಲ್ಲೂ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ನಿಜ ಹೇಳಬೇಕೆಂದರೆ ಇದು ಸುಣ್ಣದಕಲ್ಲಲ್ಲ, ಜಿಪ್ಸಂ ಸುಟ್ಟು ಮಾಡಿದ್ದು. ಈಗ ಸಾಲೆಯ ಖಡುವೂ ಬಹಳಷ್ಟು ಜಿಪ್ಸಮ್ಮಿನದೇ, ಆದ್ದರಿಂದ ಹೆಸರಿಗೆ ಮೋಸವಿಲ್ಲ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕಲಸಿ. ಇಟ್ಟರೆ ಗಟ್ಟಿಯಾಗಿ ಡಬ್ಬಿ ಸಮೇತ ಎಸೆಯಬೇಕಾಗುತ್ತದೆ.

ಬಡಿಗೇರ ಕಾಕಾ ಬಂದು ಗೆದ್ದಲು ತಿಂದ ಹಲಗೆ ತೆಗೆದು ಬೇವಿನ ಹಲಗೆ ಕೂಡಿಸಿ, ಔಷಧಿ ಹೊಡೆದು ಹೋದರು. ಹೊರಮೈಯನ್ನು ಸೋಡಾ ನೀರಿನಿಂದ ತೊಳೆದು ಒಣಗಲು ಬಿಟ್ಟೆವು. ಐವತ್ತು ವರ್ಷದ ಒಗ್ಗರಣೆಯ ಜಿಡ್ಡು ಅದು, ಮೂರು ಬಕೆಟ್ ನೀರು ಕರ್ರಗಾಯಿತು. ಮತ್ತಿ, ಸಾಗವಾನಿ ಕಟ್ಟಿಗೆಯಲ್ಲಿ ಒಂದು ಕಂದು ರಸ ಇರುತ್ತದೆ. ತಿಳಿಬಣ್ಣ ಹಚ್ಚಿದರೆ ಚಹಾದ ಕಲೆಯಂತೆ ಮೇಲೆ ಎದ್ದು ಬರುತ್ತದೆ. ಬಣ್ಣ ಕಿತ್ತು ಕಟ್ಟಿಗೆ ಕಾಣುವಲ್ಲಿ ಮೊದಲು ಅರಗಿನ ಪಾಲಿಶ್ ಒಂದು ಕೈ ಕೊಟ್ಟರೆ ಆ ರಸ ಅಲ್ಲೇ ನಿಲ್ಲುತ್ತದೆ. ಇದನ್ನು ಕಾಕಾ ಹೇಳಿಕೊಟ್ಟರು, ಸೊಸೆಯ ಫೋನೂ ಅದನ್ನೇ ಹೇಳಿತು. ಇಬ್ಬರ ಮಾತೂ ಕೂಡಿದ್ದರಿಂದ ಕೆಲಸ ಬೇಗ ಸಾಗಿತು.

ನಮ್ಮ ಬಾಗಲಕೋಟೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಿರಬೇಕು. ಹತ್ತು ಗಂಟೆಯ ಮೇಲೆ ಕುಂಚ ಎಳೆದರೆ ಬಣ್ಣ ಅರ್ಧದಲ್ಲೇ ಒಣಗಿ ಗೆರೆಗೆರೆಯಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಎದ್ದು, ನೆಲಕ್ಕೆ ನೀರು ಹೊಡೆದು, ಚಹಾದ ಹೊತ್ತಿಗೆ ಒಂದು ಕೈ ಮುಗಿಸುತ್ತಿದ್ದೆವು. ತೆಳ್ಳಗೆ ಎರಡು ಕೈ ಸಾಕು. ದಪ್ಪಗೆ ಒಂದು ಕೈ ಹಚ್ಚಿದರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಮೆತ್ತನೆಯ ಅರಿವೆಯಿಂದ ಜೇನುಮೇಣ ತಿಕ್ಕಬೇಕು. ಮೇಣದ ಮೇಲೆ ಬಿಸಿ ಪಾತ್ರೆ ಇಡಬಾರದು. ಅಡಿಗೆಮನೆಯ ಸಾಮಾನಿಗೆ ಈ ಬಣ್ಣ ನನಗೇನೂ ಸರಿ ಕಾಣುವುದಿಲ್ಲ. ಫೋಟೋಗಳಲ್ಲಿ ನೋಡಿದರೆ ಅಂಚುಗಳನ್ನು ಬೇಕೆಂತಲೇ ಉಜ್ಜಿ, ಹಳೆಯದಾಗಿ ಕಾಣಿಸುವ ಹಾಗೆ ಮಾಡುವುದು ಈಗಿನ ಚಾಳಿ. ನಮ್ಮ ಕಪಾಟಿಗೆ ಹಳೆಯದಾಗಿ ಕಾಣಲು ಯಾರ ಸಹಾಯವೂ ಬೇಕಿರಲಿಲ್ಲ. ಅದೂ ಅಲ್ಲದೆ ಉಜ್ಜುವುದಕ್ಕೆ ನಾನು ಒಪ್ಪದಿರಲು ಬೇರೊಂದು ಕಾರಣವಿತ್ತು. ಆ ಕಾರಣವೇ ತೊಟ್ಟಿಲ ತನಕ ಬಂತು.

ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಶ್ರಾವಣಕ್ಕೆ ದಿನ. ತೊಟ್ಟಿಲು ಕೊಡುವುದು ತವರಿನವರ ಕೆಲಸ. ಮಗ ಹುಟ್ಟಿದಾಗ ನಮ್ಮ ಅವ್ವ ಹುನಗುಂದದಿಂದ ಕಳಿಸಿದ್ದು ಕಲಘಟಗಿಯ ತೊಟ್ಟಿಲು, ಅದೂ ನಮ್ಮ ಅವ್ವನಿಗೆ ಅವಳ ತವರಿನಿಂದ ಬಂದದ್ದು. ಧಾರವಾಡ ಸೀಮೆಯ ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತ ಕೃಷ್ಣನ ಆಟಗಳು. ಆದರೆ ನಮ್ಮ ತೊಟ್ಟಿಲ ಮೇಲೆ ಕೃಷ್ಣ ಕಾಣುವುದಿಲ್ಲ. ನಾನು ಹುಟ್ಟುವ ಮೊದಲೇ ಹುನಗುಂದದಲ್ಲಿ ಯಾರೋ ಅದರ ಮೇಲೆ ಗುಲಾಬಿ ಆಯಿಲ್ ಪೇಂಟ್ ಬಳಿದಿದ್ದಾರೆ. ಮೂಲೆಯಲ್ಲಿ ಚಕ್ಕೆ ಎದ್ದಲ್ಲಿ ಒಂದು ನೀಲಿ ಪಾದ, ಅದರ ಹತ್ತಿರ ಗಿಳಿಯ ರೆಕ್ಕೆಯಂಥ ಹಸಿರು ಮಾತ್ರ ಕಾಣುತ್ತದೆ.

ಗುಲಾಬಿ ಬಣ್ಣ ಕೆರೆದು ಕೃಷ್ಣನನ್ನು ಹೊರಗೆ ತರೋಣ ಎಂದು ಮಗಳ ಆಸೆ. ಕೆರೆಯುವುದು ಬೇಡ, ಅದರ ಮೇಲೇ ಖಡು ಬಣ್ಣ ಹಚ್ಚಿ ಮಗುವನ್ನು ಮಲಗಿಸೋಣ ಎಂದು ಸೊಸೆ. ಎರಡಕ್ಕೂ ನಾನು ಬೇಡ ಎಂದೆ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಎಷ್ಟೋ ಹಿಂದಿನ ಈ ಗುಲಾಬಿಯಲ್ಲಿ ಏನಿದೆಯೆಂದು ಕಣ್ಣಿನಿಂದ ಹೇಳಲಾಗದು. ಒಣಗಿದ ಬಣ್ಣ ಕೆರೆದರೆ ಆ ಧೂಳು ಗರ್ಭಿಣಿಯ ಮೂಗಿಗೆ, ಕೂಸಿನ ಬಾಯಿಗೆ. ಸೀಸ ಕೂಸಿನ ಮಿದುಳಿಗೆ ಕೆಡಕು, ಅದಕ್ಕೆ ಇಷ್ಟು ನಡೆಯುತ್ತದೆ ಎಂಬ ಲೆಕ್ಕವಿಲ್ಲ. ಇನ್ನು ಮೇಲೆ ಹೊಸ ಬಣ್ಣ ಹಚ್ಚಿದರೂ ಹಲ್ಲು ಬರುವ ಕೂಸು ಮೊದಲು ಕಡಿಯುವುದು ತೊಟ್ಟಿಲ ಅಂಚನ್ನೇ. ಖಡು ಬಣ್ಣ ಅದರ ಹಲ್ಲಿಗೆ ಎಷ್ಟರದು? ಕಪಾಟಿನ ಚಕ್ಕೆಗಳನ್ನೂ ನಾವು ಒದ್ದೆ ಅರಿವೆಯಿಂದಲೇ ತೆಗೆದು, ಕಟ್ಟಿ, ದೂರ ಹಾಕಿದ್ದು ಇದಕ್ಕಾಗಿಯೇ. ಮಗಳನ್ನು ಆ ದಿನಗಳಲ್ಲಿ ಇಳಕಲ್ಲಿಗೆ ಅಕ್ಕನ ಮನೆಗೆ ಕಳಿಸಿದ್ದೆ.

"ಹಂಗಾರ ತೊಟ್ಲ ಇಲ್ಲದ ಹೆಸರಿಡೂದೇನವ್ವಾ?" ಮಗಳ ಕಣ್ಣಲ್ಲಿ ನೀರು.

ಇದಕ್ಕೆ ದಾರಿ ಹೇಳಿದವರು ಅತ್ತೆಯವರು. ನನ್ನದೊಂದು ಹಳೆಯ ಇಳಕಲ್ ಸೀರೆ ತರಿಸಿದರು. ಸೆರಗಿನ ತೋಪುತೆನಿ ಸವೆದಿತ್ತು, ದಾಳಿಂಬೆ ಬಣ್ಣದ ಒಡಲು ಗಟ್ಟಿ ಇತ್ತು. ಅದನ್ನು ಉದ್ದಕ್ಕೆ ಹರಿಸಿ, ತೊಟ್ಟಿಲ ಒಳಗೆ ಹೊರಗೆ, ಅಂಚಿಗೆ, ಬಣ್ಣ ಒಂದು ಬೆರಳಷ್ಟೂ ಕಾಣದಂತೆ ಸುತ್ತಿ ಹೊಲಿಸಿದರು. ಹೆಸರಿಡುವ ದಿನ ಐದು ಮಂದಿ ಮುತ್ತೈದೆಯರು ತೂಗುವಷ್ಟು ಹೊತ್ತು ಮಾತ್ರ ಕೂಸು ಅದರಲ್ಲಿ ಮಲಗಿತು. ಉಳಿದಂತೆ ಜೋಳಿಗೆ. ಜೋಳಿಗೆಯಲ್ಲಿ ಮಲಗಿದ ಕೂಸಿಗೆ ನಿದ್ದೆ ಹೆಚ್ಚು ಎಂಬುದು ಬೇರೆ ಮಾತು. ತೊಟ್ಟಿಲನ್ನು ಸೀರೆ ಸಮೇತ ಅಟ್ಟಕ್ಕೆ ಹಾಕಿದ್ದೇವೆ. ಕೃಷ್ಣ ಒಳಗೇ ಇದ್ದಾನೆ. ಈ ಕೆಲಸ ತಿಳಿದವರು ಎಂದಾದರೂ ಸಿಕ್ಕರೆ ನೋಡೋಣ.

ಕಪಾಟಿನ ಬಣ್ಣದ ಆಯ್ಕೆಯನ್ನು ಹೇಳಲು ಮರೆಯಬಾರದು. ಸೊಸೆಗೆ ಬೂದು ಬಣ್ಣ ಬೇಕಿತ್ತು. ಅವಳ ಫೋನಿನಲ್ಲಿ ಎಲ್ಲರ ಮನೆಯ ಕಪಾಟೂ ಬೂದಿಯಲ್ಲಿ ಹೊರಳಿದಂತಿದ್ದವು. ಇದೊಂದರಲ್ಲಿ ನಾನು ಬಿಡಲಿಲ್ಲ. ಬಿಳಿ ಬಣ್ಣಕ್ಕೆ ನೀಲಿ ಸ್ಟೇನರಿನ ಕೆಲವು ಹನಿ ಹಾಕಿಸಿದೆ, ಸುಣ್ಣಕ್ಕೆ ನೀಲಿ ಬೆರೆಸಿ ದೀಪಾವಳಿಗೆ ಗೋಡೆಗೆ ಬಳಿಯುತ್ತಿದ್ದೆವಲ್ಲ, ಆ ಬಣ್ಣ ಬರುವ ತನಕ. ಹಳೇ ಮನೆಯ ಪಡಸಾಲೆ ಪೂರಾ ಅದೇ ಬಣ್ಣದ್ದು. ಅತ್ತೆಯವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಮೇಣ ತಿಕ್ಕಿ ಎರಡು ದಿನವಾದ ಮೇಲೆ ನಾಲ್ಕು ಜನ ಕಪಾಟನ್ನು ಅವರ ಕೋಣೆಗೆ ಸರಿಸಿದರು. ಬಾಗಿಲ ಚೌಕಟ್ಟು ಒಂದು ಕಡೆ ಕಿತ್ತಿತು, ಇರಲಿ. ಸಂಜೆ ಅತ್ತೆಯವರು ಕೋಲು ಗೋಡೆಗೆ ಆನಿಸಿ, ಕಪಾಟಿನ ಮೇಲೆ ಅಂಗೈ ಇಟ್ಟರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸವರಿದರು.

"ಏನ ಹಚ್ಚೀರಿ ಇದಕ್ಕ? ನಮ್ಮ ಪಡಸಾಲಿ ಗ್ವಾಡಿ ಮುಟ್ಟಿಧಂಗ ಆಗತೈತಿ."

ನಾನು ಏನೂ ಹೇಳಲಿಲ್ಲ. ಅವರು ಬಾಗಿಲು ತೆರೆದು ಒಳಗಡೆಯೂ ಕೈಯಾಡಿಸಿ, ಬರಿ ಕಟ್ಟಿಗೆಯೇ ಹತ್ತಿತೆಂದು ಖಾತ್ರಿ ಮಾಡಿಕೊಂಡು ಮುಚ್ಚಿದರು. ಮರುದಿನ ಟ್ರಂಕಿನಲ್ಲಿದ್ದ ತಮ್ಮ ಸೀರೆಗಳನ್ನೆಲ್ಲ ಅದರಲ್ಲಿ ಇಡಿಸಿಕೊಂಡರು. ಮಗ ಫ್ರಿಜ್ ತಂದು ಪಡಸಾಲೆಯ ಖಾಲಿ ಜಾಗದಲ್ಲಿ ಇಟ್ಟಿದ್ದಾನೆ.

ಮೊನ್ನೆ ನೆರೆಮನೆಯಾಕೆ ಉಳಿದ ಬಣ್ಣ ಕೇಳಲು ಬಂದಿದ್ದರು, ಅವರ ಸಂದೂಕಕ್ಕೆ. ಉಳಿದದ್ದು ಗಟ್ಟಿಯಾಗಿ ಹೋಗಿದೆ, ಪುಡಿ ಇದೆ, ಹೊಸದಾಗಿ ಕಲಸಿಕೊಳ್ಳಿ ಎಂದು ಅಳತೆ ಬರೆದುಕೊಟ್ಟೆ. ಸಂದೂಕ ಅವರ ಅತ್ತೆಯವರದು. ಕೇಳಿದಿರೇನು ಎಂದರೆ, "ಇನ್ನೂ ಇಲ್ಲರಿ, ಇವತ್ತ ಕೇಳತೀನಿ" ಅಂದರು.